ಲಿನಕ್ಸ್ ಪ್ಯಾಕೇಜುಗಳು: ಬರೆದವರಿಗೂ ಬಳಸುವವರಿಗೂ ನಡುವೆ

ಲಿನಕ್ಸ್ ಗಣಕಕ್ಕೆ ಹೊಸ ತಂತ್ರಾಂಶವೊಂದು ಬೇಕಾದಾಗ ಅದನ್ನು ಬರೆದವರ ಜಾಲತಾಣ ಹುಡುಕಿ ಕಡತ ಇಳಿಸಿಕೊಳ್ಳುವ ರೂಢಿ ಕಡಿಮೆ. ಡೆಬಿಯನ್, ಉಬುಂಟು, ಮಿಂಟ್ ಮುಂತಾದವುಗಳಲ್ಲಿ ‘ಆಪ್ಟ್ ಇನ್‌ಸ್ಟಾಲ್ ವಿಎಲ್‌ಸಿ’ ಎಂಬ ಒಂದೇ ಸಾಲಿನ ಆದೇಶ ಸಾಕು. ವಿಡಿಯೊ ನೋಡುವ ವಿಎಲ್‌ಸಿ, ಅದಕ್ಕೆ ಬೇಕಾದ ಹತ್ತಾರು ಪೂರಕ ಭಾಗಗಳ ಸಮೇತ ಬಂದು ಕೂರುತ್ತದೆ. ಹಾಗೆ ಬಂದದ್ದು ವಿಎಲ್‌ಸಿ ತಂಡ ತಾನೇ ಕಟ್ಟಿಕೊಟ್ಟ ಕಡತ ಅಲ್ಲ. ಆ ತಂಡ ಬಿಡುಗಡೆ ಮಾಡಿದ ಸೋರ್ಸ್ ಕೋಡನ್ನು ಡೆಬಿಯನ್ನಿನ ಸ್ವಯಂಸೇವಕರು ತಂದು, ಪರವಾನಗಿ ಓದಿ, ಅಗತ್ಯವಿದ್ದಲ್ಲಿ ತಿದ್ದಿ, ತಮ್ಮ ಸರ್ವರುಗಳಲ್ಲಿ ಕಂಪೈಲ್ ಮಾಡಿಸಿ, ಡಿಜಿಟಲ್ ಸಹಿಯ ಕಾವಲಿನಲ್ಲಿ ಇಟ್ಟ ಪ್ಯಾಕೇಜು ಅದು. ಬರೆದವರಿಗೂ ಬಳಸುವವರಿಗೂ ನಡುವೆ ನಿಂತಿರುವ ಈ ವ್ಯಕ್ತಿಗೆ ಮೇಂಟೇನರ್ ಎಂದು ಹೆಸರು. ಮುಕ್ತ ತಂತ್ರಾಂಶ ಪುಕ್ಕಟೆ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದು ನೆಮ್ಮದಿಯಿಂದ ಬಳಸುವ ಹಾಗೆ ಸಿಗುವುದು ಮಾತ್ರ ಬಹುಮಟ್ಟಿಗೆ ಮೇಂಟೇನರ್‌ಗಳ ದುಡಿಮೆಯಿಂದ. ಲಿನಕ್ಸಿನ ಹಳೆಯ ಜಗಳಗಳಲ್ಲೂ ಹೊಸ ಪ್ರಯೋಗಗಳಲ್ಲೂ ಮತ್ತೆ ಮತ್ತೆ ಎದ್ದಿರುವ ಪ್ರಶ್ನೆ, ಈ ನಡುವಿನವರು ಬೇಕೋ ಬೇಡವೋ ಎಂಬುದೇ.

2025ರ ಆಗಸ್ಟ್ 9ರಂದು ಹೊರಬಂದ ಡೆಬಿಯನ್ 13ರಲ್ಲಿ 69,830 ಪ್ಯಾಕೇಜುಗಳಿವೆ. ಈ ಅಂಕಿಯನ್ನು ಸ್ವಲ್ಪ ಹುಷಾರಾಗಿ ಓದಬೇಕು. ಒಂದೇ ಯೋಜನೆಯನ್ನು ಹಲವು ಪ್ಯಾಕೇಜುಗಳಾಗಿ ಒಡೆಯುವುದು ಡೆಬಿಯನ್ನಿನ ಪದ್ಧತಿ. ಲಿಬ್ರೆ ಆಫೀಸಿನ ರೈಟರ್ ಒಂದು, ಕ್ಯಾಲ್ಕ್ ಇನ್ನೊಂದು, ಭಾಷೆಗೊಂದರಂತೆ ಅನುವಾದದ ಪ್ಯಾಕೇಜುಗಳು ಬೇರೆ. ಪ್ರೋಗ್ರಾಮರುಗಳಿಗೆ ಬೇಕಾದ ಹೆಡರ್ ಕಡತಗಳದ್ದೂ ಕೈಪಿಡಿಯದ್ದೂ ಮತ್ತೆ ಬೇರೆ. ಜನಸಾಮಾನ್ಯರು ‘ಅಪ್ಲಿಕೇಶನ್’ ಎಂದು ಗುರುತಿಸುವಂಥವು ಈ ರಾಶಿಯಲ್ಲಿ ಚಿಕ್ಕ ಪಾಲು. ಉಳಿದದ್ದು ಲೈಬ್ರರಿ, ಫಾಂಟು, ದಾಖಲೆ, ಪ್ರೋಗ್ರಾಮಿಂಗ್ ಭಾಷೆಗಳ ಮಾಡ್ಯೂಲುಗಳು.

ಪ್ಯಾಕೇಜಿನ ಒಳಗೆ

ಡೆಬಿಯನ್ನಿನ ‘.ಡೆಬ್’ ಕಡತವನ್ನು ಬಿಚ್ಚಿ ನೋಡಿದರೆ ಮೂರು ಭಾಗ ಸಿಗುತ್ತವೆ. ಮೊದಲನೆಯದರಲ್ಲಿ ಇರುವುದು ಸ್ವರೂಪದ ಆವೃತ್ತಿ ತಿಳಿಸುವ 2.0 ಎಂಬ ಸಂಖ್ಯೆ ಮಾತ್ರ. ಎರಡನೆಯದು ಕಂಟ್ರೋಲ್ ಭಾಗ: ಪ್ಯಾಕೇಜಿನ ಹೆಸರು, ಆವೃತ್ತಿ, ಮೇಂಟೇನರ್ ಯಾರು, ಯಾವ ಪ್ರೊಸೆಸರಿಗೆ, ಬೇರೆ ಯಾವ ಪ್ಯಾಕೇಜುಗಳು ಮೊದಲೇ ಇರಬೇಕು, ಯಾವುದರ ಜೊತೆ ಹೊಂದುವುದಿಲ್ಲ ಎಂಬೆಲ್ಲ ವಿವರ ಇಲ್ಲಿದೆ. ಕೂರಿಸುವ ಮುಂಚೆ, ಕೂರಿಸಿದ ಮೇಲೆ, ತೆಗೆಯುವ ಮುಂಚೆ, ತೆಗೆದ ಮೇಲೆ ನಡೆಯಬೇಕಾದ ಚಿಕ್ಕ ಸ್ಕ್ರಿಪ್ಟುಗಳಿಗೂ ಇದೇ ಜಾಗ. ಮೂರನೆಯದು ಡೇಟಾ, ಅಂದರೆ ಡಿಸ್ಕಿನಲ್ಲಿ ಎಲ್ಲೆಲ್ಲಿ ಹೋಗಿ ಕೂರಬೇಕೋ ಅದೇ ಕ್ರಮದಲ್ಲಿ ಜೋಡಿಸಿಟ್ಟ ಕಡತಗಳು. ರೆಡ್ ಹ್ಯಾಟ್, ಫೆಡೋರಾ, ಸೂಸೆಗಳ ‘.ಆರ್‌ಪಿಎಂ’ ಕಡತದ ರಚನೆ ಬೇರೆ, ತತ್ವ ಇದೇ.

ಆವೃತ್ತಿ ಸಂಖ್ಯೆಯೊಂದರಲ್ಲೇ ಎಷ್ಟು ವಿಷಯ ಅಡಗಿದೆ ಎಂಬುದಕ್ಕೆ ದೂರದಿಂದ ಸರ್ವರಿಗೆ ಲಾಗಿನ್ ಮಾಡಿಸುವ, ಡೆಬಿಯನ್ 12ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್‌ನ ಒಂದು ಉದಾಹರಣೆ: 1:9.2ಪಿ1-2+ಡೆಬ್12ಯು3. ಮೊದಲ 1 ಎಂಬುದು ಎಣಿಕೆಯ ಕ್ರಮ ಹಿಂದೊಮ್ಮೆ ಬದಲಾದದ್ದರ ಗುರುತು. 9.2ಪಿ1 ಎಂಬುದು ಓಪನ್‌ಎಸ್‌ಎಸ್‌ಎಚ್ ತಂಡ ಕೊಟ್ಟ ಸಂಖ್ಯೆ. ಅಡ್ಡಗೆರೆಯ ನಂತರದ 2, ಡೆಬಿಯನ್ ಅದನ್ನು ಎಷ್ಟನೇ ಸಲ ಕಟ್ಟಿತು ಎಂಬುದು. ಕೊನೆಯದು, ಡೆಬಿಯನ್ 12 ಬಿಡುಗಡೆಯಾದ ಮೇಲೆ ಸೇರಿದ ಮೂರನೆಯ ತಿದ್ದುಪಡಿ. ಓಪನ್‌ಎಸ್‌ಎಸ್‌ಎಚ್ ತಂಡ 9.3, 9.4 ಎಂದು ಮುಂದೆ ಹೋಗುತ್ತಿದ್ದರೂ ಡೆಬಿಯನ್ 9.2ರಲ್ಲೇ ನಿಂತು, ಹೊಸ ಆವೃತ್ತಿಗಳ ಭದ್ರತಾ ತಿದ್ದುಪಡಿಗಳನ್ನಷ್ಟೇ ಹೆಕ್ಕಿ ಹಳೆಯದಕ್ಕೆ ಹೊಲಿಯುತ್ತದೆ. ಇದಕ್ಕೆ ಬ್ಯಾಕ್‌ಪೋರ್ಟ್ ಎನ್ನುತ್ತಾರೆ. ಬರೀ ಆವೃತ್ತಿ ಸಂಖ್ಯೆ ನೋಡಿ ತೀರ್ಪು ಕೊಡುವ ಭದ್ರತಾ ಸ್ಕ್ಯಾನರುಗಳು ಇಂಥ ಸರ್ವರನ್ನು ಕಂಡು ‘ಹಳೆಯದು, ಅಪಾಯಕಾರಿ’ ಎಂದು ಬೊಬ್ಬೆ ಹಾಕುವುದು ಸಿಸ್ಟಮ್ ಅಡ್ಮಿನ್‌ಗಳ ನಿತ್ಯದ ತಲೆನೋವುಗಳಲ್ಲಿ ಒಂದು. ಆ ರಂಧ್ರ ಎಂದೋ ಮುಚ್ಚಿರುತ್ತದೆ.

ಕಡತಗಳು ಡಿಸ್ಕಿಗೆ ಬಂದ ಮೇಲೆ ಯಾವ ಕಡತ ಯಾವ ಪ್ಯಾಕೇಜಿನದು ಎಂಬ ಲೆಕ್ಕವನ್ನು, ಪ್ಯಾಕೇಜು ಕೂರಿಸುವ ಡೆಬಿಯನ್ನಿನ ಉಪಕರಣ ಡಿಪಿಕೆಜಿ ಇಟ್ಟುಕೊಳ್ಳುತ್ತದೆ. ಎರಡು ಪ್ಯಾಕೇಜುಗಳು ಒಂದೇ ಕಡತಕ್ಕೆ ಹಕ್ಕು ಹೂಡಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಸಂರಚನೆಯ ಕಡತಗಳ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಇದೆ. ಬಳಕೆದಾರರು ತಾವಾಗಿ ತಿದ್ದಿದ ಕಡತವನ್ನು ಹೊಸ ಆವೃತ್ತಿ ಸದ್ದಿಲ್ಲದೆ ಅಳಿಸಿಹಾಕುವುದಿಲ್ಲ. ಹಳೆಯದನ್ನು ಉಳಿಸಲೋ ಹೊಸದನ್ನು ಹಾಕಲೋ ಎಂದು ಕೇಳುತ್ತದೆ. ವರ್ಷಗಟ್ಟಲೆ ಒಂದೇ ಗಣಕವನ್ನು ಮರುಸ್ಥಾಪನೆ ಇಲ್ಲದೆ ಒಂದು ಆವೃತ್ತಿಯಿಂದ ಮತ್ತೊಂದಕ್ಕೆ ಏರಿಸುತ್ತ ಬರಲು ಸಾಧ್ಯವಾಗಿರುವುದು ಇಂಥ ಸಣ್ಣ ಶಿಸ್ತುಗಳಿಂದ.

ಟಾರ್‌ಬಾಲ್‌ನಿಂದ ಆಪ್ಟ್‌ವರೆಗೆ

ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆ ಕಂಪೈಲರು, ಶೆಲ್ಲು, ಎಡಿಟರು ಇತ್ಯಾದಿ ಉಪಕರಣಗಳನ್ನು ಒದಗಿಸಿತ್ತು. ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಕರ್ನೆಲ್ ಕೊಟ್ಟರು. ಇವೆರಡನ್ನೂ ಕೂಡಿಸಿ ನಡೆಯುವ ಗಣಕವನ್ನಾಗಿ ಮಾಡುವ ಹೊಣೆ ಬಳಕೆದಾರರ ಹೆಗಲಿಗೇ ಬಿದ್ದಿತ್ತು. ಟಾರ್‌ಬಾಲ್ ಎಂಬ ಗಂಟನ್ನು ಬಿಚ್ಚಿ, ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್ ಎಂಬ ಮೂರು ಮಂತ್ರ ಹೇಳಿ, ಮಧ್ಯೆ ಎಲ್ಲೋ ಒಂದು ಲೈಬ್ರರಿ ಇಲ್ಲವೆಂದು ನಿಂತುಹೋದರೆ ಅದನ್ನು ಹುಡುಕುತ್ತ ಹೊರಡಬೇಕಿತ್ತು. ಕೂರಿಸಿದ್ದನ್ನು ತೆಗೆಯುವುದಕ್ಕೆ ಖಚಿತ ದಾರಿಯೇ ಇರಲಿಲ್ಲ.

1993ರಲ್ಲಿ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಅವರ ಸ್ಲ್ಯಾಕ್‌ವೇರ್ ಬಂತು. ಕರ್ನೆಲ್ಲನ್ನೂ ಉಪಕರಣಗಳನ್ನೂ ಕೂಡಿಸಿಕೊಡುವ ವಿತರಣೆಗಳಲ್ಲಿ ಇಂದಿಗೂ ಬದುಕಿರುವ ಅತ್ಯಂತ ಹಳೆಯದು ಅದೇ. ಪ್ಯಾಕೇಜುಗಳ ಅವಲಂಬನೆಯನ್ನು ತಾನೇ ಬಿಡಿಸಬಾರದು, ಬಳಕೆದಾರರಿಗೇ ಬಿಡಬೇಕು ಎಂಬ ಹಟವನ್ನೂ ಅದು ಇಂದಿಗೂ ಬಿಟ್ಟಿಲ್ಲ. ಅದೇ ವರ್ಷ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಡೆಬಿಯನ್ ಘೋಷಿಸಿದರು. ಒಬ್ಬರೇ ಎಲ್ಲವನ್ನೂ ಕಟ್ಟುವ ಬದಲು ಪ್ರತಿ ಪ್ಯಾಕೇಜಿಗೂ ಒಬ್ಬ ಹೊಣೆಗಾರರು ಇರಬೇಕು, ಎಲ್ಲರೂ ಒಂದೇ ನಿಯಮಾವಳಿ ಪಾಲಿಸಬೇಕು ಎಂಬ ಕ್ರಮ ಅಲ್ಲಿ ಬೆಳೆಯಿತು. ರೆಡ್ ಹ್ಯಾಟ್‌ನ ಎರಿಕ್ ಟ್ರೋನ್ ಮತ್ತು ಮಾರ್ಕ್ ಯೂಯಿಂಗ್ 1995ರ ಹೊತ್ತಿಗೆ ಆರ್‌ಪಿಎಂ ತಂದರು.

ಡಿಪಿಕೆಜಿಗೂ ಆರ್‌ಪಿಎಂಗೂ ಒಂದೇ ಮಿತಿ. ಕೈಗೆ ಕೊಟ್ಟ ಕಡತವನ್ನು ಕೂರಿಸಬಲ್ಲವು, ಇನ್ನೊಂದು ಪ್ಯಾಕೇಜು ಬೇಕೆಂದು ದೂರಬಲ್ಲವು, ಅದನ್ನು ತಂದುಕೊಡಲಾರವು. ತೊಂಬತ್ತರ ದಶಕದ ಕೊನೆಯಲ್ಲಿ ಆರ್‌ಪಿಎಂ ಬಳಕೆದಾರರು ಒಂದು ಪ್ಯಾಕೇಜಿಗಾಗಿ ಐದನ್ನು, ಆ ಐದಕ್ಕಾಗಿ ಹತ್ತನ್ನು ಜಾಲದಲ್ಲಿ ಜಾಲಾಡುತ್ತ ಪಟ್ಟ ಪಾಡು ಆಗಿನವರ ನೆನಪಿನಿಂದ ಮಾಸಿಲ್ಲ. ಈ ಕಷ್ಟಕ್ಕೆ ಪರಿಹಾರವಾಗಿ 1999ರ ಮಾರ್ಚಿನ ಡೆಬಿಯನ್ 2.1ರ ಜೊತೆ ಆಪ್ಟ್ ಬಂತು. ಸರ್ವರಿನ ಭಂಡಾರದಲ್ಲಿರುವ ಎಲ್ಲ ಪ್ಯಾಕೇಜುಗಳ ಪಟ್ಟಿ ತರಿಸಿಕೊಂಡು, ಬೇಕಾದದ್ದಕ್ಕೆ ಬೇಕಾದದ್ದೆಲ್ಲ ಲೆಕ್ಕಹಾಕಿ, ಸರಿಯಾದ ಕ್ರಮದಲ್ಲಿ ಇಳಿಸಿ ಕೂರಿಸುವ ಉಪಕರಣ. (‘ಆಪ್ಟ್ ಮೂ’ ಎಂದು ಟೈಪ್ ಮಾಡಿದರೆ ಅಕ್ಷರಗಳಲ್ಲಿ ಬಿಡಿಸಿದ ಹಸುವೊಂದು ಕಾಣಿಸಿಕೊಳ್ಳುವ ತಮಾಷೆಯೂ ಅದರಲ್ಲಿದೆ.) ಆರ್‌ಪಿಎಂ ಬಳಗಕ್ಕೆ ಯಮ್ ಬಂತು, 2015ರ ಫೆಡೋರಾ 22ರಿಂದ ಅದರ ಜಾಗಕ್ಕೆ ಡಿಎನ್‌ಎಫ್. ಓಪನ್‌ಸೂಸೆಯಲ್ಲಿ ಝಿಪ್ಪರ್, ಆರ್ಚ್‌ನಲ್ಲಿ ಪ್ಯಾಕ್‌ಮ್ಯಾನ್, ಆಲ್ಪೈನ್‌ನಲ್ಲಿ ಎಪಿಕೆ. ಜೆಂಟೂ ಮಾತ್ರ ಎಲ್ಲವನ್ನೂ ಬಳಕೆದಾರರ ಗಣಕದಲ್ಲೇ ಕಂಪೈಲ್ ಮಾಡುವ ದಾರಿ ಹಿಡಿಯಿತು. ಮೊಬೈಲಿನ ‘ಆಪ್ ಸ್ಟೋರ್’ ಎಂಬ ಕಲ್ಪನೆ ಹುಟ್ಟುವುದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಲಿನಕ್ಸಿನಲ್ಲಿ ಇಂಥ ಭಂಡಾರ ನಿತ್ಯದ ಬಳಕೆಯಲ್ಲಿತ್ತು.

ಅವಲಂಬನೆಯ ಗಣಿತ

ಇಷ್ಟೊಂದು ಅವಲಂಬನೆ ಏಕೆ? ಕಾರಣ ಹಂಚಿಕೊಂಡ ಲೈಬ್ರರಿಗಳು. ಜಾಲದ ಸಂಪರ್ಕವನ್ನು ಗೂಢಲಿಪಿಗೊಳಿಸುವ ಕೆಲಸ ನೂರಾರು ತಂತ್ರಾಂಶಗಳಿಗೆ ಬೇಕು. ಪ್ರತಿಯೊಂದೂ ತನ್ನದೇ ಪ್ರತಿ ಹೊತ್ತು ತರುವ ಬದಲು ಎಲ್ಲವೂ ಓಪನ್‌ಎಸ್‌ಎಸ್‌ಎಲ್ ಎಂಬ ಒಂದೇ ಲೈಬ್ರರಿಯನ್ನು ಬಳಸುತ್ತವೆ. ಡಿಸ್ಕಿನ ಜಾಗ, ಮೆಮೊರಿ ಉಳಿಯುವುದು ಸಣ್ಣ ಲಾಭ. ದೊಡ್ಡ ಲಾಭ 2014ರ ಏಪ್ರಿಲ್ 7ರಂದು ಕಾಣಿಸಿತು. ಸರ್ವರಿನ ಮೆಮೊರಿಯಿಂದ ಪಾಸ್‌ವರ್ಡುಗಳನ್ನೂ ಖಾಸಗಿ ಕೀಲಿಗಳನ್ನೂ ಕದಿಯಲು ಬಿಡುತ್ತಿದ್ದ ಹಾರ್ಟ್‌ಬ್ಲೀಡ್ ದೋಷ ಅಂದು ಬಯಲಾಯಿತು. ಲಿನಕ್ಸ್ ವಿತರಣೆಗಳು ಲೈಬ್ರರಿಯ ಒಂದು ಪ್ಯಾಕೇಜನ್ನು ಬದಲಿಸಿದವು; ಸೇವೆಗಳನ್ನು ಮರುಚಾಲೂ ಮಾಡಿದ ಕೂಡಲೇ ಅದನ್ನು ನೆಚ್ಚಿದ ಅಷ್ಟೂ ತಂತ್ರಾಂಶಗಳಲ್ಲಿ ರಂಧ್ರ ಮುಚ್ಚಿತು. ತಮ್ಮೊಳಗೇ ಪ್ರತಿ ಇಟ್ಟುಕೊಂಡಿದ್ದ ತಂತ್ರಾಂಶಗಳನ್ನು ಒಂದೊಂದಾಗಿ ಹುಡುಕಬೇಕಾಯಿತು.

ಹಂಚಿಕೆಯ ಬೆಲೆ ಹೊಂದಾಣಿಕೆ. ಒಂದಕ್ಕೆ ಲೈಬ್ರರಿಯ ಹೊಸ ಆವೃತ್ತಿಯೇ ಬೇಕು, ಇನ್ನೊಂದು ಹಳೆಯದರಲ್ಲಷ್ಟೇ ನಡೆಯುತ್ತದೆ, ಮೂರನೆಯದು ಎರಡರ ಜೊತೆಗೂ ಹೊಂದದು. ಇಂಥ ನಿಬಂಧನೆಗಳೆಲ್ಲ ಏಕಕಾಲಕ್ಕೆ ಈಡೇರುವ ಜೋಡಣೆ ಇದೆಯೇ ಎಂದು ಹೇಳುವುದು ಗಣಿತದ ದೃಷ್ಟಿಯಿಂದ ಬಲು ಕಠಿಣ ಸಮಸ್ಯೆ. ಅದು ಎನ್‌ಪಿ-ಕಂಪ್ಲೀಟ್ ವರ್ಗಕ್ಕೆ ಸೇರಿದ್ದೆಂದು ಯುರೋಪಿನ ಎಡೋಸ್ ಎಂಬ ಸಂಶೋಧನಾ ಯೋಜನೆ ತೋರಿಸಿತು. ವ್ಯವಹಾರದಲ್ಲಿ ಅಷ್ಟು ಕಷ್ಟವಾಗದಿರಲು ಒಂದು ಕಾರಣ ತರ್ಕಶಾಸ್ತ್ರದಿಂದ ಎರವಲು ತಂದ ಸ್ಯಾಟ್ ಸಾಲ್ವರುಗಳು: ಸೂಸೆ ಬಳಗ ಬರೆದ ಲಿಬ್‌ಸಾಲ್ವ್ ಝಿಪ್ಪರಿನಲ್ಲೂ ಡಿಎನ್‌ಎಫ್‌ನಲ್ಲೂ ಇದೆ. ಅದಕ್ಕಿಂತ ಮುಖ್ಯ ಕಾರಣ ಮನುಷ್ಯರದ್ದು. ಬಿಡುಗಡೆಗೆ ತಿಂಗಳುಗಟ್ಟಲೆ ಮೊದಲೇ ಡೆಬಿಯನ್ ‘ಫ್ರೀಜ್’ ಘೋಷಿಸಿ, ಹೊಸದನ್ನು ಸೇರಿಸುವುದು ನಿಲ್ಲಿಸಿ, ಎಲ್ಲ ಪ್ಯಾಕೇಜುಗಳು ಪರಸ್ಪರ ಹೊಂದುವ ತನಕ ತಿದ್ದುತ್ತ ಕೂರುತ್ತದೆ. ಕೊನೆಯ ಬಳಕೆದಾರರ ಗಣಕದಲ್ಲಿ ಸಾಲ್ವರಿಗೆ ಹೆಚ್ಚು ಕೆಲಸವೇ ಉಳಿದಿರುವುದಿಲ್ಲ.

ನಡುವಿನವರ ಕೈ

ಮೇಂಟೇನರ್ ಸೋರ್ಸ್ ಕೋಡನ್ನು ತಿದ್ದಬಹುದು. ಮುಕ್ತ ಪರವಾನಗಿ ಕೊಡುವ ಹಕ್ಕೇ ಅದು. ಆ ತಿದ್ದುಪಡಿಗಳಿಂದ ಒಳ್ಳೆಯದೂ ಆಗಿದೆ, ಅನಾಹುತವೂ ಆಗಿದೆ. 2006ರಲ್ಲಿ ಡೆಬಿಯನ್ನಿನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ, ದೋಷ ಹುಡುಕುವ ವಾಲ್‌ಗ್ರೈಂಡ್ ಎಂಬ ಉಪಕರಣ ಎಚ್ಚರಿಕೆ ಕೊಡುತ್ತಿತ್ತೆಂದು ಕೋಡಿನ ಒಂದೆರಡು ಸಾಲು ತೆಗೆಯಲಾಯಿತು. ಕೀಲಿ ತಯಾರಿಸುವಾಗ ಯಾದೃಚ್ಛಿಕತೆ ತುಂಬುತ್ತಿದ್ದ ಸಾಲುಗಳು ಅವು. ಅವು ಹೋದ ಮೇಲೆ ಉಳಿದದ್ದು ಪ್ರಾಸೆಸ್‌ನ ಕ್ರಮಸಂಖ್ಯೆ ಮಾತ್ರ, ಅದು ಹೆಚ್ಚೆಂದರೆ 32,768. ಅಂದರೆ ಡೆಬಿಯನ್, ಉಬುಂಟು ಗಣಕಗಳಲ್ಲಿ ತಯಾರಾದ ಕೀಲಿಗಳನ್ನೆಲ್ಲ ಮೊದಲೇ ಲೆಕ್ಕಹಾಕಿ ಪಟ್ಟಿ ಮಾಡಿಡಬಹುದಿತ್ತು. ಲೂಸಿಯಾನೊ ಬೆಲ್ಲೊ ಇದನ್ನು ಪತ್ತೆಹಚ್ಚಿ, 2008ರ ಮೇ ತಿಂಗಳಲ್ಲಿ ಪ್ರಕಟವಾಗುವ ತನಕ ಯಾರಿಗೂ ಸುಳಿವಿರಲಿಲ್ಲ. ಎಲ್ಲರಿಗೂ ಕಾಣುವಂತೆ ತೆರೆದಿಟ್ಟ ಕೋಡಿನಲ್ಲಿ ಸುಮಾರು ಎರಡು ವರ್ಷ ಹೀಗೆ ನಡೆಯಿತು ಎಂಬುದನ್ನು ಮುಕ್ತ ತಂತ್ರಾಂಶದ ವಕೀಲರು ಅಷ್ಟಾಗಿ ನೆನಪಿಸಿಕೊಳ್ಳುವುದಿಲ್ಲ.

ಈ ತಿದ್ದುವ ಹಕ್ಕಿನಿಂದಲೇ ಒಂದು ಹೆಸರಿನ ಜಗಳವೂ ಹುಟ್ಟಿತ್ತು. ಡೆಬಿಯನ್ ತಾನು ತಿದ್ದಿದ ಬ್ರೌಸರಿಗೆ ಫೈರ್‌ಫಾಕ್ಸ್ ಎಂಬ ಹೆಸರು ಬಳಸಬಾರದೆಂದು ಮೊಝಿಲ್ಲಾ ಟ್ರೇಡ್‌ಮಾರ್ಕಿನ ಆಧಾರದ ಮೇಲೆ ಆಕ್ಷೇಪಿಸಿತು. 2006ರಿಂದ 2016ರವರೆಗೆ ಡೆಬಿಯನ್ನಿನಲ್ಲಿ ಅದೇ ಬ್ರೌಸರ್ ಐಸ್‌ವೀಸಲ್ ಎಂಬ ಹೆಸರಿನಲ್ಲಿ ಓಡಾಡಿತು.

2024ರ ಎಕ್ಸ್‌ಝಡ್ ಪ್ರಕರಣ ಇವೆಲ್ಲಕ್ಕಿಂತ ಗಂಭೀರ. ಎಕ್ಸ್‌ಝಡ್ ಕಡತಗಳನ್ನು ಕುಗ್ಗಿಸುವ ಒಂದು ಸಣ್ಣ ಉಪಕರಣ. ಒಬ್ಬರೇ ಸ್ವಯಂಸೇವಕರು ದಣಿದುಕೊಂಡು ನಡೆಸುತ್ತಿದ್ದ ಆ ಯೋಜನೆಗೆ ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಯಾರೋ ಸೇರಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲೊಂದನ್ನು ಸೇರಿಸಿದರು. ಅದರ ಗುರಿ ದೂರದಿಂದ ಸರ್ವರಿಗೆ ಲಾಗಿನ್ ಮಾಡಿಸುವ ಓಪನ್‌ಎಸ್‌ಎಸ್‌ಎಚ್. ವಿಚಿತ್ರವೆಂದರೆ ಓಪನ್‌ಎಸ್‌ಎಸ್‌ಎಚ್ ಮೂಲದಲ್ಲಿ ಎಕ್ಸ್‌ಝಡ್‌ನ ಲೈಬ್ರರಿಯನ್ನು ಬಳಸುವುದೇ ಇಲ್ಲ. ಸೇವೆಗಳನ್ನು ಶುರುಮಾಡಿ ನಿಭಾಯಿಸುವ ಸಿಸ್ಟಮ್‌ಡಿಗೆ ಸೂಚನೆ ಕಳಿಸಲೆಂದು ಡೆಬಿಯನ್, ಫೆಡೋರಾ ಮುಂತಾದ ವಿತರಣೆಗಳು ಸೇರಿಸಿದ್ದ ತಿದ್ದುಪಡಿ ಇನ್ನೊಂದು ಲೈಬ್ರರಿಯನ್ನು ಎಳೆತಂದಿತ್ತು. ಅದು ಎಕ್ಸ್‌ಝಡ್ ಅನ್ನು ಎಳೆತಂದಿತ್ತು. ಒಳನುಗ್ಗಿದವರು ಹಿಡಿದದ್ದು ನಡುವಿನವರು ಮಾಡಿಟ್ಟ ಆ ಕಾಲುದಾರಿಯನ್ನೇ.

ಪತ್ತೆಯಾದದ್ದು ಒಬ್ಬರ ಕುತೂಹಲದಿಂದ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಯೋಜನೆಯ ಆಂಡ್ರೆಸ್ ಫ್ರಾಯಿಂಡ್ ವೇಗದ ಪರೀಕ್ಷೆ ನಡೆಸುತ್ತಿದ್ದಾಗ ಲಾಗಿನ್‌ಗೆ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದರು. ಅದರ ಜಾಡು ಹಿಡಿದು ಹೋಗಿ ಮಾರ್ಚ್ 29ರಂದು ಎಲ್ಲವನ್ನೂ ಬಹಿರಂಗಪಡಿಸಿದರು. ಅಷ್ಟರಲ್ಲಿ ಆ ಆವೃತ್ತಿಗಳು ಡೆಬಿಯನ್ನಿನ ಅನ್‌ಸ್ಟೇಬಲ್, ಟೆಸ್ಟಿಂಗ್ ಶಾಖೆಗಳಿಗೂ ಫೆಡೋರಾದ ಪ್ರಾಯೋಗಿಕ ಶಾಖೆಗಳಿಗೂ ತಲುಪಿದ್ದವು. ಜಗತ್ತಿನ ಸರ್ವರುಗಳು ನೆಚ್ಚಿದ ಸ್ಥಿರ ಶಾಖೆಗಳಿಗೆ ತಲುಪಿರಲಿಲ್ಲ. ‘ಡೆಬಿಯನ್ ಸ್ಟೇಬಲ್ ಅಂದರೆ ಹಳಸಲು’ ಎಂಬ ಗೇಲಿ ಹಳೆಯದು. ಆ ವಾರ ಹಳಸಲೇ ಕಾಪಾಡಿತು.

ಪರವಾನಗಿಯ ಗಡಿಗಳು

ಯಾವುದು ಮುಕ್ತ, ಯಾವುದು ಅಲ್ಲ ಎಂಬುದನ್ನು ಪ್ರತಿ ವಿತರಣೆಯೂ ತನ್ನ ರೀತಿಯಲ್ಲಿ ತೀರ್ಮಾನಿಸುತ್ತದೆ. ಡೆಬಿಯನ್ 1997ರಲ್ಲಿ ಅಂಗೀಕರಿಸಿದ ಮಾರ್ಗಸೂಚಿಯೇ ಮರುವರ್ಷ ಓಪನ್ ಸೋರ್ಸ್ ಇನಿಶಿಯೇಟಿವ್ ಪ್ರಕಟಿಸಿದ ವ್ಯಾಖ್ಯೆಗೆ ಬುನಾದಿ. ಡೆಬಿಯನ್ನಿನ ‘ಮೇನ್’ ವಿಭಾಗದಲ್ಲಿ ಇರುವುದೆಲ್ಲ ಪೂರ್ತಿ ಮುಕ್ತ. ತಾನು ಮುಕ್ತವಾಗಿದ್ದು ಮುಕ್ತವಲ್ಲದ್ದನ್ನು ಅವಲಂಬಿಸಿದ್ದು ‘ಕಾಂಟ್ರಿಬ್’. ಉಳಿದದ್ದು ‘ನಾನ್-ಫ್ರೀ’. ವೈ-ಫೈ ಚಿಪ್ಪುಗಳ ಫರ್ಮ್‌ವೇರ್ ಕೊನೆಯ ವಿಭಾಗದಲ್ಲಿದ್ದ ಕಾರಣ ಹೊಸ ಲ್ಯಾಪ್‌ಟಾಪಿಗೆ ಡೆಬಿಯನ್ ಹಾಕಹೊರಟವರು ಜಾಲಸಂಪರ್ಕವೇ ಇಲ್ಲದೆ ಕೈಚೆಲ್ಲುತ್ತಿದ್ದರು. 2022ರಲ್ಲಿ ಮತಕ್ಕೆ ಹಾಕಿ, ಫರ್ಮ್‌ವೇರಿಗೆ ಬೇರೆ ವಿಭಾಗ ಮಾಡಿ, 2023ರ ಡೆಬಿಯನ್ 12ರಿಂದ ಅದನ್ನು ಸ್ಥಾಪನೆಯ ಕಡತದಲ್ಲೇ ಸೇರಿಸಲಾಯಿತು. ತತ್ವ ಮತ್ತು ಅನುಕೂಲದ ನಡುವಿನ ಈ ರಾಜಿ ತಡವಾಗಿ ಬಂದರೂ ಸರಿಯಾಗಿಯೇ ಬಂತು.

ಪೇಟೆಂಟುಗಳದ್ದು ಬೇರೆಯೇ ಕಥೆ. ಎಂಪಿ3 ಹಾಡು ಕೇಳಿಸುವ ಕೋಡು ಮುಕ್ತವಾಗಿದ್ದರೂ ಅಮೆರಿಕದ ಪೇಟೆಂಟಿನ ಭಯಕ್ಕೆ ಫೆಡೋರಾ ವರ್ಷಗಟ್ಟಲೆ ಅದನ್ನು ಹೊರಗಿಟ್ಟಿತ್ತು. 2016-17ರ ಸುಮಾರಿಗೆ ಪೇಟೆಂಟುಗಳ ಅವಧಿ ಮುಗಿಯುತ್ತ ಬಂದಂತೆ ಒಳಗೆ ಬಿಟ್ಟಿತು. ಇತ್ತೀಚೆಗೆ ಕಂಪನಿಗಳು ಮೊದಲು ಮುಕ್ತವಾಗಿ ಕೊಟ್ಟ ತಂತ್ರಾಂಶದ ಪರವಾನಗಿಯನ್ನು ಆಮೇಲೆ ಬಿಗಿ ಮಾಡುವುದು ಇನ್ನೊಂದು ಚಾಳಿ. 2018ರಲ್ಲಿ ಡೇಟಾಬೇಸ್ ತಂತ್ರಾಂಶ ಮೊಂಗೋಡಿಬಿ ಹಾಗೆ ಮಾಡಿದಾಗ ಪ್ರಮುಖ ವಿತರಣೆಗಳು ಅದನ್ನು ಕೈಬಿಟ್ಟವು. 2024ರ ಮಾರ್ಚಿನಲ್ಲಿ ಇನ್ನೊಂದು ಡೇಟಾಬೇಸ್ ರೆಡಿಸ್ ಅದೇ ಹಾದಿ ಹಿಡಿದಾಗ ಹಳೆಯ ಕೋಡಿನಿಂದ ವಾಲ್ಕೀ ಎಂಬ ಕವಲು ಒಡೆದು, ಫೆಡೋರಾದಲ್ಲಿ ರೆಡಿಸ್‌ನ ಜಾಗಕ್ಕೆ ಬಂದು ಕೂತಿತು. ರೆಡಿಸ್ ಮರುವರ್ಷ ಮತ್ತೆ ಮುಕ್ತ ಪರವಾನಗಿಗೆ ಮರಳಿತು.

ಭಂಡಾರದಲ್ಲಿ ಏನೇನಿದೆ

ಸರ್ವರಿನ ಕೆಲಸಗಳಲ್ಲಿ ಲಿನಕ್ಸ್ ಪ್ಯಾಕೇಜುಗಳಿಗೆ ಸರಿಸಾಟಿ ಹುಡುಕುವುದು ಕಷ್ಟ. ಅಪಾಚೆ, ಎಂಜಿನ್ಎಕ್ಸ್, ಪೋಸ್ಟ್‌ಗ್ರೆಸ್, ಮರಿಯಾಡಿಬಿ ಇವುಗಳ ಮೇಲೆ ಜಾಲದ ಬಹುಪಾಲು ನಿಂತಿದೆ. ಸಿನಿಮಾ ಮಂದಿ ಬಳಸುವ ಬ್ಲೆಂಡರ್ ಕೂಡ ಸಮರ್ಥ. ಅದನ್ನು ಬರೆಸಿದ್ದ ಕಂಪನಿ ಮುಚ್ಚಿದಾಗ ಬಳಕೆದಾರರು 2002ರಲ್ಲಿ ಏಳು ವಾರಗಳಲ್ಲಿ ಒಂದು ಲಕ್ಷ ಯೂರೊ ಕೂಡಿಸಿ ಕೋಡನ್ನು ಬಿಡಿಸಿಕೊಂಡಿದ್ದರು. ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್, ನಕ್ಷೆಗಳ ಕ್ಯೂಜಿಐಎಸ್, ಸಂಖ್ಯಾಶಾಸ್ತ್ರದ ಆರ್, ಚಿತ್ರ ಬಿಡಿಸುವ ಕ್ರಿಟಾ, ಗೆರೆಚಿತ್ರಗಳ ಇಂಕ್‌ಸ್ಕೇಪ್ ತಂತಮ್ಮ ಕ್ಷೇತ್ರಗಳ ವೃತ್ತಿಪರರಿಂದಲೇ ಒಪ್ಪಿಗೆ ಪಡೆದವು. ಜಿಂಪ್ ಬಗ್ಗೆ ಅಷ್ಟು ಧಾರಾಳವಾಗಿ ಹೇಳಲಾಗದು. ಫೋಟೊ ತಿದ್ದಲು ಸಾಕು, ಮುದ್ರಣಾಲಯದವರ ಬಣ್ಣದ ಕೆಲಸಕ್ಕೆ ಕೊರತೆ ಕಾಣುತ್ತದೆ.

ಕಚೇರಿ ಕೆಲಸಕ್ಕೆ 2010ರಲ್ಲಿ ಓಪನ್ ಆಫೀಸಿನಿಂದ ಕವಲೊಡೆದ ಲಿಬ್ರೆ ಆಫೀಸ್ ಇದೆ. ವರ್ಡ್ ಕಡತ ತೆರೆದಾಗ ಪುಟಗಳು ಅಸ್ತವ್ಯಸ್ತವಾಗುತ್ತವೆ ಎಂಬ ದೂರಿಗೆ ಎಷ್ಟೋ ಸಲ ಕಾರಣ ಫಾಂಟು. ಟೈಮ್ಸ್ ನ್ಯೂ ರೋಮನ್, ಏರಿಯಲ್‌ಗಳಷ್ಟೇ ಅಗಲದ ಅಕ್ಷರಗಳಿರುವ ಲಿಬರೇಶನ್ ಫಾಂಟುಗಳ ಪ್ಯಾಕೇಜು ಇದ್ದರೆ ಸಾಲುಗಳು ಬಹುತೇಕ ಇದ್ದಲ್ಲೇ ಮುರಿಯುತ್ತವೆ. ಲೆಕ್ಕಪತ್ರದ ವಿಷಯದಲ್ಲಿ ಭಾರತದ ಬಳಕೆದಾರರಿಗೆ ಭಂಡಾರ ಸೋಲುತ್ತದೆ. ಗ್ನೂಕ್ಯಾಶ್ ಒಳ್ಳೆಯದೇ, ಜಿಎಸ್‌ಟಿ ರಿಟರ್ನಿಗೆ ಅದು ಒದಗದು. ಬೆಂಗಳೂರಿನದೇ ಆದ ಟ್ಯಾಲಿ ವಿಂಡೋಸಿಗಾಗಿ ಬರೆದದ್ದು, ಮುಕ್ತವೂ ಅಲ್ಲ. ಮುಂಬೈಯಲ್ಲಿ ಹುಟ್ಟಿದ ಇಆರ್‌ಪಿನೆಕ್ಸ್ಟ್ ಮುಕ್ತ ತಂತ್ರಾಂಶವೇ ಆದರೂ ವಿತರಣೆಗಳ ಭಂಡಾರದಿಂದ ಬರುವುದಿಲ್ಲ, ಬೇರೆ ದಾರಿಯಲ್ಲಿ ಕೂರಿಸಬೇಕು.

ಕನ್ನಡದ ಪ್ಯಾಕೇಜುಗಳು

ಡೆಬಿಯನ್, ಉಬುಂಟುಗಳಲ್ಲಿ ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಪ್ಯಾಕೇಜಿದೆ. ಅದರೊಳಗೆ ಒಂದು ಅಕ್ಷರವೂ ಇಲ್ಲ. ಗುಬ್ಬಿ, ಕೈಬರಹದ ಶೈಲಿಯ ನವಿಲು ಮುಂತಾದ ಫಾಂಟುಗಳನ್ನು ಅವಲಂಬನೆಯ ಮೂಲಕ ಎಳೆತರುವುದಷ್ಟೇ ಅದರ ಕೆಲಸ. ಮೆಟಾಪ್ಯಾಕೇಜ್ ಎನ್ನುವುದು ಇಂಥದ್ದಕ್ಕೆ. ರೆಡ್ ಹ್ಯಾಟ್ ಪ್ರಾಯೋಜಿಸಿದ ಲೋಹಿತ್ ಮತ್ತು ಗೂಗಲ್‌ನ ನೋಟೊ ಕನ್ನಡವೂ ಸಿಗುತ್ತವೆ. ಟೈಪಿಸಲು ಐಬಸ್ ಜೊತೆ ಎಂ17ಎನ್ ಪ್ಯಾಕೇಜು ಹಾಕಿಕೊಂಡರೆ ಕಗಪ ಕೀಲಿಮಣೆ, ಇನ್‌ಸ್ಕ್ರಿಪ್ಟ್, ಇಂಗ್ಲಿಷ್ ಉಚ್ಚಾರದಂತೆ ಒತ್ತುವ ಐಟ್ರಾನ್ಸ್ ಮೂರೂ ದೊರೆಯುತ್ತವೆ. ನುಡಿ ಕೀಲಿಮಣೆಗೆ ಒಗ್ಗಿದ ಬೆರಳುಗಳಿಗೆ ಕಗಪ ಹೊಸದೆನಿಸದು.

ಒತ್ತಕ್ಷರ, ಅರ್ಕಾವತ್ತು ಸರಿಯಾದ ಜಾಗದಲ್ಲಿ ಕೂರುವ ಕೆಲಸವನ್ನು ಹಾರ್ಫ್‌ಬಝ್ ಎಂಬ ಒಂದು ಲೈಬ್ರರಿ ಮಾಡುತ್ತದೆ. ಫೈರ್‌ಫಾಕ್ಸ್, ಕ್ರೋಮಿಯಂ, ಲಿಬ್ರೆ ಆಫೀಸ್, ಜಿಂಪ್, ಇಂಕ್‌ಸ್ಕೇಪ್ ಎಲ್ಲವೂ ನೇರವಾಗಿಯೋ ಸುತ್ತುಬಳಸಿಯೋ ಅದನ್ನೇ ನೆಚ್ಚಿವೆ. ಅಲ್ಲಿ ಕನ್ನಡದ ಒಂದು ದೋಷ ಸರಿಹೋದರೆ ಎಲ್ಲೆಡೆ ಸರಿಹೋಗುತ್ತದೆ. ಪುಟವಿನ್ಯಾಸದ ಸ್ಕ್ರೈಬಸ್ ಮಾತ್ರ ಬಹುಕಾಲ ಹಿಂದುಳಿದಿತ್ತು. ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ಶಕ್ತಿ ಅದರ ಸ್ಥಿರ ಆವೃತ್ತಿಗೆ ಬಂದದ್ದು 2024ರ ಆರಂಭದ 1.6ರಲ್ಲಿ. ಅಷ್ಟರೊಳಗೆ ಕರ್ನಾಟಕದ ಡಿಟಿಪಿ ಕೇಂದ್ರಗಳು ಪೇಜ್‌ಮೇಕರ್, ಇನ್‌ಡಿಸೈನ್‌ಗಳಲ್ಲಿ ಬೇರೂರಿದ್ದವು. ಯುನಿಕೋಡ್ ಪೂರ್ವದ ನುಡಿ, ಬರಹ ಫಾಂಟುಗಳಲ್ಲಿ ಬರೆದ ಹಳೆಯ ಕಡತವನ್ನು ಲಿನಕ್ಸಿನಲ್ಲಿ ತೆರೆದರೆ ಇಂದಿಗೂ ಕಾಣುವುದು ಲ್ಯಾಟಿನ್ ಅಕ್ಷರಗಳ ಗೋಜಲು. ಪರಿವರ್ತಕಗಳಿವೆ, ಅವು ತಿರುಗಿಸಿದ ಪಠ್ಯವನ್ನು ಮತ್ತೊಮ್ಮೆ ಕಣ್ಣಾಡಿಸದೆ ಅಚ್ಚಿಗೆ ಕೊಡುವಂತಿಲ್ಲ. ಪುಸ್ತಕ ಸ್ಕ್ಯಾನ್ ಮಾಡಿ ಪಠ್ಯವಾಗಿಸಲು ಟೆಸರಾಕ್ಟ್‌ನ ಕನ್ನಡ ಪ್ಯಾಕೇಜು, ಪರದೆಯ ಬರಹವನ್ನು ದೃಷ್ಟಿಹೀನರಿಗೆ ಓದಿ ಹೇಳಲು ಓರ್ಕಾ ಮತ್ತು ಇಸ್ಪೀಕ್ ಎನ್‌ಜಿ ಇವೆ. ಇಸ್ಪೀಕ್‌ನ ಕನ್ನಡ ಯಂತ್ರದ ಕನ್ನಡವೇ ಸೈ, ಆದರೂ ಅರ್ಥವಾಗುತ್ತದೆ.

ನೆರೆಯ ಕೇರಳದಲ್ಲಿ ಶಾಲೆಗಳಿಗೆಂದೇ ಉಬುಂಟು ಆಧರಿಸಿದ ವ್ಯವಸ್ಥೆಯನ್ನು ಸರ್ಕಾರಿ ಸಂಸ್ಥೆ ಕೈಟ್ ರೂಪಿಸಿ ಹಂಚುತ್ತದೆ. ಚೆನ್ನೈಯ ಸಿ-ಡಾಕ್ 2007ರಿಂದ ಡೆಬಿಯನ್ ಆಧಾರಿತ ಬಾಸ್ ಎಂಬ ವಿತರಣೆ ಕೊಡುತ್ತಿದೆ. ಡೆಬಿಯನ್ನಿನ ಜಾಗತಿಕ ವಾರ್ಷಿಕ ಸಮ್ಮೇಳನ 2023ರಲ್ಲಿ ಕೊಚ್ಚಿಯಲ್ಲಿ ಸೇರಿದ್ದು ಆ ನೆಲದಲ್ಲಿ ಬೆಳೆದ ಕಾರ್ಯಕರ್ತರ ಬಲದಿಂದ.

ನಡುವಿನವರನ್ನು ದಾಟುವ ದಾರಿಗಳು

ಒಂದು ತಂತ್ರಾಂಶವನ್ನು ಹತ್ತು ವಿತರಣೆಗಳಿಗೆ ಹತ್ತು ಬಾರಿ ಕಟ್ಟಬೇಕಾದ ಕಿರಿಕಿರಿಯ ಬಗ್ಗೆ ಸ್ವತಃ ಟೊರ್ವಾಲ್ಡ್ಸ್ 2014ರ ಡೆಬಿಯನ್ ಸಮ್ಮೇಳನದಲ್ಲಿ ಖಾರವಾಗಿ ಮಾತಾಡಿದ್ದರು. ಅವಲಂಬನೆಗಳನ್ನೆಲ್ಲ ಒಂದೇ ಕಡತದಲ್ಲಿ ತುಂಬಿಕೊಡುವ ಆಪ್‌ಇಮೇಜ್ ಆಗಲೇ ಇತ್ತು. 2016ರ ಹೊತ್ತಿಗೆ ಉಬುಂಟು ಹೊರತರುವ ಕೆನಾನಿಕಲ್ ಕಂಪನಿಯ ಸ್ನ್ಯಾಪ್ ಮತ್ತು ಅಲೆಕ್ಸಾಂಡರ್ ಲಾರ್ಸನ್ ಅವರ ಫ್ಲಾಟ್‌ಪ್ಯಾಕ್ ಬಂದವು. ಇವುಗಳಲ್ಲಿ ಬರೆದವರೇ ನೇರವಾಗಿ ಬಳಕೆದಾರರಿಗೆ ಕೊಡಬಹುದು. ಹೊಸ ಆವೃತ್ತಿ ಅಂದೇ ತಲುಪುತ್ತದೆ. ಕಡತಗಳು, ಕ್ಯಾಮೆರಾ ಇತ್ಯಾದಿಗಳಿಗೆ ಕೈಚಾಚದಂತೆ ತಂತ್ರಾಂಶವನ್ನು ಬೇಲಿಯೊಳಗೆ ಇರಿಸಬಹುದು. ಬದಲಿಗೆ ಡಿಸ್ಕಿನಲ್ಲಿ ಹೆಚ್ಚು ಜಾಗ ತಿನ್ನುತ್ತವೆ, ಮೊದಲ ಸಲ ತೆರೆಯಲು ನಿಧಾನ, ಒಳಗೆ ತುಂಬಿಕೊಂಡ ಲೈಬ್ರರಿಗಳ ರಂಧ್ರ ಮುಚ್ಚುವುದು ಬರೆದವರ ಮರ್ಜಿಗೆ ಬಿಟ್ಟದ್ದು. ಸ್ನ್ಯಾಪ್‌ನ ಸರ್ವರ್ ಕೋಡು ಮುಕ್ತವಲ್ಲ. ಆಪ್ಟ್‌ನಲ್ಲಿ ಕ್ರೋಮಿಯಂ ಕೇಳಿದರೆ ಉಬುಂಟು ಸದ್ದಿಲ್ಲದೆ ಸ್ನ್ಯಾಪ್ ಕೂರಿಸುವುದಕ್ಕೆ ಸಿಟ್ಟಾಗಿ 2020ರಲ್ಲಿ ಲಿನಕ್ಸ್ ಮಿಂಟ್ ಅದನ್ನು ತಡೆದೇಬಿಟ್ಟಿತು.

ನಡುವೆ ಯಾರೂ ಇಲ್ಲದಿದ್ದರೆ ಏನಾಗಬಹುದೆಂಬುದೂ ಕಂಡಿದೆ. 2023ರ ಸೆಪ್ಟೆಂಬರಿನಲ್ಲಿ ನಕಲಿ ಕ್ರಿಪ್ಟೊ ವ್ಯಾಲೆಟುಗಳು ಸ್ನ್ಯಾಪ್ ಅಂಗಡಿಗೆ ನುಸುಳಿದ ಮೇಲೆ ಹೊಸ ಹೆಸರುಗಳ ನೋಂದಣಿಗೆ ಮನುಷ್ಯರ ಪರಿಶೀಲನೆ ತರಬೇಕಾಯಿತು. ಆರ್ಚ್ ಲಿನಕ್ಸಿನಲ್ಲಿ ಬಳಕೆದಾರರೇ ಸೇರಿಸುವ ಎಯುಆರ್‌ನಲ್ಲಿ 2018ರಲ್ಲೂ 2025ರಲ್ಲೂ ದುರುದ್ದೇಶದ ಪ್ಯಾಕೇಜುಗಳು ಸಿಕ್ಕವು. ಪ್ರೋಗ್ರಾಮಿಂಗ್ ಭಾಷೆಗಳ ಭಂಡಾರಗಳದ್ದೂ ಇದೇ ಸ್ಥಿತಿ. 2016ರ ಮಾರ್ಚಿನಲ್ಲಿ ಎನ್‌ಪಿಎಂ ಎಂಬ ಭಂಡಾರದಿಂದ ಲೆಫ್ಟ್-ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ ಅದನ್ನು ನೆಚ್ಚಿದ ಅಸಂಖ್ಯ ಯೋಜನೆಗಳು ಕಟ್ಟಲಾಗದೆ ನಿಂತವು. ಪೈಥಾನಿನ ಪಿಪ್ ಆದೇಶ ವ್ಯವಸ್ಥೆಯ ಕಡತಗಳನ್ನೇ ಕದಡುತ್ತಿದ್ದುದರಿಂದ ಡೆಬಿಯನ್ 12ರಿಂದ ಅದನ್ನು ತಡೆದು, ಪ್ರತ್ಯೇಕ ಪರಿಸರದಲ್ಲಿ ಬಳಸುವಂತೆ ಸೂಚಿಸಲಾಗುತ್ತದೆ. ಯೂಟ್ರೆಕ್ಟ್‌ನಲ್ಲಿ ಈಲ್ಕೊ ಡೋಲ್ಸ್ಟ್ರಾ ಅವರ ಸಂಶೋಧನೆಯಿಂದ ಬೆಳೆದ ನಿಕ್ಸ್ ಮತ್ತು ಅದರ ದಾರಿಯಲ್ಲೇ ಬಂದ ಗ್ನೂ ಗೀಕ್ಸ್‌ಗಳ ಪರಿಹಾರ ಹೆಚ್ಚು ಮೂಲಭೂತವಾದದ್ದು. ಪ್ರತಿ ಪ್ಯಾಕೇಜೂ ತನ್ನ ಅಷ್ಟೂ ಒಳಸುರಿಗಳ ಹ್ಯಾಶ್ (ಗಣಿತದ ಬೆರಳಚ್ಚು) ಹೊತ್ತ ಬೇರೆ ಫೋಲ್ಡರಿನಲ್ಲಿ ಕೂರುವುದರಿಂದ ಒಂದೇ ಲೈಬ್ರರಿಯ ಹತ್ತು ಆವೃತ್ತಿಗಳೂ ಜಗಳವಿಲ್ಲದೆ ಇರಬಲ್ಲವು. ಕಲಿಯುವ ದಾರಿ ಕಡಿದು.

ನಂಬಿಕೆ ಮತ್ತು ಆಯುಷ್ಯ

ಭಂಡಾರದ ಪಟ್ಟಿಗೆ ಡಿಜಿಟಲ್ ಸಹಿ ಇರುತ್ತದೆ, ಪಟ್ಟಿಯಲ್ಲಿ ಪ್ರತಿ ಕಡತದ ಹ್ಯಾಶ್ ಇರುತ್ತದೆ. ನಡುದಾರಿಯಲ್ಲಿ ಯಾರಾದರೂ ಕಡತ ಬದಲಿಸಿದರೆ ಆಪ್ಟ್ ನಿರಾಕರಿಸುತ್ತದೆ. ಕಡತ ಕಟ್ಟುವ ಸರ್ವರೇ ಕೆಟ್ಟಿದ್ದರೆ ಸಹಿಯಿಂದ ಉಪಯೋಗವಿಲ್ಲ. ಅದಕ್ಕಾಗಿ 2013ರಿಂದ ಡೆಬಿಯನ್ನಿನಲ್ಲಿ ರಿಪ್ರೊಡ್ಯೂಸಿಬಲ್ ಬಿಲ್ಡ್ಸ್ ಎಂಬ ಪ್ರಯತ್ನ ನಡೆದಿದೆ: ಅದೇ ಸೋರ್ಸ್ ಕೋಡನ್ನು ಬೇರೆ ಯಾರು, ಎಲ್ಲಿ ಕಂಪೈಲ್ ಮಾಡಿದರೂ ಬಿಟ್ ತಪ್ಪದೆ ಅದೇ ಪ್ಯಾಕೇಜು ಹೊರಬರಬೇಕು. ಕಟ್ಟಿದ ದಿನಾಂಕ ಕಡತದೊಳಗೆ ಸೇರಿಕೊಳ್ಳುವುದು, ಡಿಸ್ಕಿನಿಂದ ಕಡತಗಳು ಬರುವ ಕ್ರಮ ಬದಲಾಗುವುದು ಮುಂತಾದ ಕ್ಷುಲ್ಲಕ ಕಾರಣಗಳೇ ದೊಡ್ಡ ಅಡ್ಡಿಯಾಗಿದ್ದವು. ಒಂದೊಂದನ್ನೇ ನಿವಾರಿಸುತ್ತ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪ್ಯಾಕೇಜುಗಳು ಈ ಮಟ್ಟ ಮುಟ್ಟಿವೆ.

ಪ್ಯಾಕೇಜಿಗೆ ಆಯುಷ್ಯವೂ ಇದೆ. ಡೆಬಿಯನ್ನಿನ ಒಂದು ಬಿಡುಗಡೆಗೆ ಮೂರು ವರ್ಷದ ಪೂರ್ಣ ಬೆಂಬಲ, ಆಮೇಲೆ ಎಲ್‌ಟಿಎಸ್ (ದೀರ್ಘಕಾಲದ ಬೆಂಬಲ) ಹೆಸರಿನಲ್ಲಿ ಇನ್ನೆರಡು ವರ್ಷ. ಉಬುಂಟುವಿನ ಎಲ್‌ಟಿಎಸ್‌ಗೆ ಐದು, ರೆಡ್ ಹ್ಯಾಟ್ ಎಂಟರ್‌ಪ್ರೈಸ್‌ಗೆ ಹತ್ತು ವರ್ಷ. ಮೇಂಟೇನರ್ ಕೈಬಿಟ್ಟ ಪ್ಯಾಕೇಜನ್ನು ‘ಅನಾಥ’ ಎಂದು ಘೋಷಿಸಲಾಗುತ್ತದೆ. ಯಾರೂ ಎತ್ತಿಕೊಳ್ಳದೆ ದೋಷಗಳು ಗುಡ್ಡೆಬಿದ್ದರೆ ಭಂಡಾರದಿಂದ ಹೊರಹೋಗುತ್ತದೆ. ಪೈಥಾನ್ 2ಕ್ಕೆ 2020ರ ಆರಂಭದಲ್ಲಿ ಬೆಂಬಲ ನಿಂತ ಮೇಲೆ ಪೈಥಾನ್ 3ಕ್ಕೆ ಒಗ್ಗಿಸಲು ಯಾರೂ ಮುಂದೆ ಬಾರದ ಎಷ್ಟೋ ತಂತ್ರಾಂಶಗಳು ಹೀಗೆ ಹೋದವು. ಯಂತ್ರಾಂಶಕ್ಕೂ ಇದೇ ನಿಯಮ: ಡೆಬಿಯನ್ 13ರಲ್ಲಿ 32 ಬಿಟ್ಟಿನ ಹಳೆಯ ಪಿಸಿಗಳಿಗೆ ಕರ್ನೆಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಅಂಥ ಗಣಕ ಉಳ್ಳವರಿಗೆ ಡೆಬಿಯನ್ 12 ಇದೆ, ಅದರ ಎಲ್‌ಟಿಎಸ್ 2028ರ ಜೂನ್‌ವರೆಗೆ.